ನೆಗ್ಗು ತೆಗೀರಿ, ಮುಚ್ಚಬ್ಯಾಡ್ರಿ

ಮೊದಲು ತಪ್ಪು ಒಪ್ಪಿಕೊಂಡೇ ಶುರು ಮಾಡ್ತೀನಿ. ನಮ್ಮ ಕಾಕಾನ ಹಳೇ ಬುಲೆಟ್ ಕೆಡವಿದವನು ನಾನೇ. ಅಣ್ಣಿಗೇರಿಯ ಎರಿ ಹೊಲದ ದಾರಿ, ಹಿಂದಿನ ರಾತ್ರಿ ಮಳೆಯಾಗಿತ್ತು. ಆ ಮಣ್ಣು ಹಸಿ ಇದ್ದಾಗ ಬೆಣ್ಣಿ ಇದ್ದಂಗ. ಗಾಡಿ ಜಾರಿ ಬದುವಿನ ಕಲ್ಲಿಗೆ ಬಡೀತು. ನನಗೇನೂ ಆಗಲಿಲ್ಲ. ಟ್ಯಾಂಕಿನ ಬಲಗಡೆ ಮಾತ್ರ ಅಂಗೈ ಅಗಲದ ನೆಗ್ಗು ಬಿತ್ತು.

ಬುಲೆಟ್ ಟ್ಯಾಂಕ್ ಅಂದ್ರೆ ಸಾಮಾನ್ಯವಾಗಿ ಉಕ್ಕಿನ ತಗಡು. ಆದರೆ ಈ ಗಾಡಿಯ ಹಿಂದಿನ ಮಾಲೀಕರು ಯಾರ ಕಡೆಯಿಂದಲೋ ಅಲ್ಯೂಮಿನಿಯಂ ತಗಡು ಬಡಿಸಿ ಟ್ಯಾಂಕ್ ಮಾಡಿಸಿದ್ದರು. ಬಣ್ಣವಿಲ್ಲ, ಬರೀ ಪಾಲಿಶ್. ಪ್ರತಿ ರವಿವಾರ ಅದನ್ನ ಒರೆಸೋದು ಕಾಕಾನ ಕೆಲಸ. ನೆಗ್ಗು ನೋಡಿ ಆತ ಬೈಯಲಿಲ್ಲ. "ಹೋಗ್ಲಿ ಬಿಡು" ಅಂದ. ಬೈದಿದ್ರ ಚೊಲೋ ಇತ್ತು.

ಹುಬ್ಬಳ್ಳಿಯ ಒಂದು ವರ್ಕ್‌ಶಾಪಿಗೆ ಒಯ್ದೆ. "ಪುಟ್ಟಿ ಮೆತ್ತಿ ಕರೀ ಬಣ್ಣ ಹೊಡೀತೀವಿ, ಸಂಜೀಕೆ ಒಯ್ರಿ" ಅಂದರು. ಇಲ್ಲೇ ನನ್ನ ತಕರಾರು ಶುರುವಾಗೋದು.

ಉಕ್ಕಿನ ಮೇಲೆ ತೆಳ್ಳಗೆ ಪುಟ್ಟಿ ಹಚ್ಚೋದು ಪಾಪವೇನಲ್ಲ. ಅಲ್ಯೂಮಿನಿಯಂ ಬೇರೆ. ಗಾಳಿ ಸೋಕಿದ ಕೂಡಲೇ ಅದರ ಮೇಲೆ ಆಕ್ಸೈಡಿನ ಪದರ ಕೂಡುತ್ತದೆ. ಅದನ್ನ ಸರಿಯಾಗಿ ಉಜ್ಜಿ ತೆಗೆಯದೆ ಮೆತ್ತಿದ್ದು ಗಟ್ಟಿಯಾಗಿ ಹಿಡಿಯೋದಿಲ್ಲ. ಬಿಸಿಲಿಗೆ ಈ ಲೋಹ ಉಕ್ಕಿನ ಹತ್ತಿರತ್ತಿರ ಎರಡು ಪಟ್ಟು ಹಿಗ್ಗುತ್ತದೆ. ಮೇಲೆ ಬುಲೆಟ್ಟಿನ ನಡುಕ ಬೇರೆ. ಒಂದು ದಿನ ಪುಟ್ಟಿ ಸಿಡಿದೇ ಸಿಡೀತದ. ಅಷ್ಟೇ ಅಲ್ಲ, ಪುಟ್ಟಿ ಮೆತ್ತಿದ ಮೇಲೆ ಬಣ್ಣ ಹೊಡೀಲೇಬೇಕು. ಕಾಕಾ ಅಷ್ಟು ವರ್ಷ ಒರೆಸಿದ ಹೊಳಪು ಅದರ ಕೆಳಗೆ ಹೂತುಹೋಗ್ತದ.

ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಗಾಡಿ ಮಾಡಿತು. ಹಳೇ ಜಾವಾದ ಉಕ್ಕಿನ ಟ್ಯಾಂಕಿನ ಎರಡೂ ಬದಿಗೆ ಕ್ರೋಮ್ ಇತ್ತು. ಪುಟ್ಟಿಯ ಮೇಲೆ ಕ್ರೋಮ್ ಕೂರೋದಿಲ್ಲ. ಅಲ್ಲಿ ನೆಗ್ಗು ಬಿದ್ದು, ಕ್ರೋಮ್ ಮತ್ತೆ ಬೇಕು ಅಂದ್ರೆ ತಗಡನ್ನೇ ಸರಿಮಾಡಬೇಕು, ಬೇರೆ ದಾರಿ ಇಲ್ಲ. ಪಾಲಿಶ್ ಮಾಡಿದ ಅಲ್ಯೂಮಿನಿಯಂ ಕಥೆಯೂ ಅದೇ.

ಹಂಗಾದ್ರ ನಾನೇ ತೆಗೀತೀನಿ ಅಂತ ಹೊರಟೆ. ಎಷ್ಟಂದ್ರೂ ಮೆಕ್ಯಾನಿಕಲ್ ಆರನೇ ಸೆಮಿಸ್ಟರ್! ಪೆಟ್ರೋಲ್ ಬಸಿದು, ಬಾಯಿ ಬಿಗಿದು, ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ಬಿಟ್ಟೆ. ನೆಗ್ಗು ಅಲ್ಲಾಡಲಿಲ್ಲ, ಎದುರಿನ ಬದಿ ಹೊಟ್ಟಿ ಬಿಡ್ತು. ಲೆಕ್ಕ ಹಾಕಿದ್ದು ಆಮೇಲೆ. ಒಂದು ಚದರ ಸೆಂ.ಮೀ.ಗೆ ಬರೀ 1 ಕೆ.ಜಿ. ಒತ್ತಡ ಅಂದರೂ, 30 ಸೆಂ.ಮೀ. ಉದ್ದ 15 ಸೆಂ.ಮೀ. ಎತ್ತರದ ಬದಿಯ ಮೇಲೆ ಬೀಳೋದು 450 ಕೆ.ಜಿ. ಬೆಸುಗೆ ಬಿಟ್ಟಿದ್ದರೆ ಈ ಲೇಖನ ಬರೆಯೋಕೆ ನಾನಿರುತ್ತಿದ್ದೆನೋ ಇಲ್ಲವೋ. ದಯವಿಟ್ಟು ಯಾರೂ ಇದನ್ನ ಮಾಡಬ್ಯಾಡ್ರಿ.

ಕೊನೆಗೆ ನನ್ನ ಆಯಿ ಹೇಳಿದಳು, "ಪ್ಯಾಟ್ಯಾಗ ಪಾತ್ರಿ ರಿಪೇರಿ ಮಾಡೂ ಅಜ್ಜ ಅದಾನಲ್ಲ, ಅವಗ ತೋರ್ಸು. ಜರ್ಮನ್ ಪಾತ್ರಿ ನೆಗ್ಗು ಅಂವನ ತೆಗೀತಾನ." ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಪಾತ್ರೆ ಅಂತಾರೆ. ಇಷ್ಟು ದಿನ ಅದು ನನಗೆ ಹೊಳೆದೇ ಇರಲಿಲ್ಲ.

ಅಜ್ಜ ಟ್ಯಾಂಕ್ ಮುಟ್ಟೋಕ ಮುಂಚೆ ಮೂಸಿ ನೋಡಿದರು. "ತಮ್ಮಾ, ಪೆಟ್ರೋಲ್ ನಾರತೈತಿ. ಮೊದಲ ಇದನ್ನ ತೊಳಕೊಂಡ್ ಬಾ." ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇ. 1.4ರಿಂದ 7.6ರಷ್ಟು ಬೆರೆತಿದ್ದರೆ ಒಂದು ಕಿಡಿ ಸಾಕು. ಉಕ್ಕಿನ ಟ್ಯಾಂಕ್ ತೊಳೆದಂಗ ಕಾಸ್ಟಿಕ್ ಸೋಡಾ ಹಾಕೋಣ ಅಂದುಕೊಂಡಿದ್ದೆ. ಅದು ಅಲ್ಯೂಮಿನಿಯಮ್ಮನ್ನೇ ತಿಂದು ಹೈಡ್ರೋಜನ್ ಬಿಡುತ್ತದೆ ಅಂತ ಪಿಯುಸಿ ಕೆಮಿಸ್ಟ್ರಿ ನೆನಪಾಗಿ ಬಚಾವಾದೆ. ಬಿಸಿನೀರು, ಸೋಪಿನ ಪುಡಿ, ಮತ್ತೆ ಮತ್ತೆ.

ಆಮೇಲೆ ನೀರು ತುಂಬಿಸಿಯೇ, ಕೈಗರಗಸದಿಂದ ತಳದ ತಗಡು ಕೊಯ್ದು ಬಿಚ್ಚಿದರು. ಒಳಗೆ ಕೈ ಹೋಗುವಷ್ಟು ಜಾಗವಾಯಿತು. ಮತ್ತೊಮ್ಮೆ ತೊಳೆದು ಬಿಸಿಲಿಗಿಟ್ಟರು. ಮರುದಿನ ನೆಗ್ಗಿನ ಸುತ್ತ ಬಟ್ಟೆ ಸೋಪು ಗೀಚಿ ಉರಿ ಹಿಡಿದರು. ಗೀಟು ಕಪ್ಪಾದ ಕೂಡಲೇ ಉರಿ ದೂರ. "ಧಾತು ಬಿರುಸಾಗೇತಿ, ಮೆತ್ತಗ ಮಾಡಬೇಕು. ಇದು ಕೆಂಪ ಆಗೂದಿಲ್ಲ, ಹಂಗ ಕರಗಿ ಬೀಳತೈತಿ." ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಕರಗುವ ಮೊದಲು ಬಣ್ಣ ಬದಲಿಸಿ ಎಚ್ಚರಿಸೋದಿಲ್ಲ. ಮೆತ್ತಗಾಗೋದು 350-400ರ ಆಸುಪಾಸು. ಸೋಪಿನ ಗೀಟೇ ಅವರ ಥರ್ಮಾಮೀಟರ್.

ಒಳಗೆ ಉಸುಕಿನ ಸಣ್ಣ ಚೀಲ ಆನಿಸಿ, ಹೊರಗಿನಿಂದ ಕಟ್ಟಿಗೆಯ ಕೊಡತಿಯಿಂದ ತಟ್ಟಿದರು. ನೆಗ್ಗಿನ ನಡುವಿಗೆ ಅಲ್ಲ, ಅಂಚಿನಿಂದ ಸುತ್ತಾಕಾರ. ನಡುವೆಯೇ ಬಡಿದರೆ ತಗಡು ಹಿಗ್ಗಿ, ಡಬ್ಬಿ ಮುಚ್ಚಳದಂಗ ಒಳಗ-ಹೊರಗ ಟಕ್ ಟಕ್ ಅನ್ನೋಕೆ ಶುರುವಾಗುತ್ತಂತೆ. ನಾನು ಉಬ್ಬಿಸಿದ ಬದಿಯನ್ನೂ ಹಂಗೇ ಕೂರಿಸಿದರು. ಮೂರು ಮಧ್ಯಾಹ್ನ ಹಿಡೀತು. ತಳವನ್ನ ಹುಬ್ಬಳ್ಳಿಯಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡಿಸಿ, ನೀರು ತುಂಬಿ ಸೋರಿಕೆ ನೋಡಿ, ಪಾಲಿಶ್ ಮಾಡಿಸಿದೆ. ಓರೆ ಬೆಳಕಿಗೆ ಹಿಡಿದರೆ ಗುರುತು ಈಗಲೂ ಕಾಣ್ತದ. ಕಾಕಾ ಎರಡು ಸಲ ಕೈಯಾಡಿಸಿ, "ಇಲ್ಲೇ ಇತ್ತಲ್ಲೋ?" ಅಂದ. ನನಗೆ ಅಷ್ಟು ಸಾಕಿತ್ತು.

ಗೆಳೆಯರೇ, ಬಡಿದರೆ ಲೋಹ ಗಡುಸಾಗುತ್ತದೆ, ಕಾಯಿಸಿದರೆ ಮೆತ್ತಗಾಗುತ್ತದೆ ಅಂತ ನಾನು ಹತ್ತು ಮಾರ್ಕಿಗೆ ಬರೆದು ಪಾಸಾದವನು. ಆದರೆ ನೆಗ್ಗು ಯಾಕೆ ಗಾಳಿಗೆ ಬಗ್ಗಲಿಲ್ಲ ಅನ್ನೋದು ಅಜ್ಜ "ಬಿರುಸಾಗೇತಿ" ಅಂದಾಗಲೇ ತಲೆಗೆ ಹೋಗಿದ್ದು. ಪೆಟ್ಟು ಬಿದ್ದ ಜಾಗ ಮಡಿಕೆಬಿದ್ದು ಗಡುಸಾಗಿತ್ತು, ಪೆಟ್ಟು ಬೀಳದ ಚಪ್ಪಟೆ ಬದಿಯೇ ಮೊದಲು ಉಬ್ಬಿತು. ಪುಸ್ತಕದಲ್ಲಿದ್ದದ್ದು ಸುಳ್ಳಲ್ಲ. ನಾನು ಓದಿದ್ದೇ ಪುಟ್ಟಿ ಮೆತ್ತಿದಂಗಿತ್ತು, ಅಷ್ಟೇ.

ಎಲ್ಲ ನೆಗ್ಗೂ ತೆಗೆಯಲೇಬೇಕು ಅಂತಲ್ಲ. ತಗಡು ತೆಳುವಾಗಿದ್ದರೆ, ಬಿರುಕು ಬಿಡೋ ಹಂಗಿದ್ದರೆ ಹಾಗೇ ಬಿಡೋದೇ ಜಾಣತನ. ಟೈಮಿಲ್ಲ ಅನ್ನೋ ಒಂದೇ ಕಾರಣಕ್ಕೆ ಮುಚ್ಚಬ್ಯಾಡ್ರಿ ಅನ್ನೋದಷ್ಟೇ ನನ್ನ ಮಾತು.

ಇನ್ನೊಂದು ಬೇಡಿಕೆ. ಅಜ್ಜನ ಮಕ್ಕಳು ಯಾರೂ ಈ ಕೆಲಸಕ್ಕಿಲ್ಲ. ಸ್ಟೀಲ್ ಪಾತ್ರೆ ಬಂದ ಮೇಲೆ ಗಿರಾಕಿಗಳೂ ಇಲ್ಲ. ನಮ್ಮ ಶೀಟ್ ಮೆಟಲ್ ಲ್ಯಾಬಿನಲ್ಲಿ ತಗಡಿನ ಟ್ರೇ ಮಾಡಿ, ರೆಕಾರ್ಡ್ ಬರೆದು ಮುಗಿಸುತ್ತೇವೆ. ಮುಂದಿನ ಸೆಮಿಸ್ಟರಿನಲ್ಲಿ ಒಂದೇ ಒಂದು ಮಧ್ಯಾಹ್ನ ಅವರನ್ನ ಕರೆಸೋಣ. ಹಾರ ಹಾಕಿ ಕಳಿಸೋಕಲ್ಲ, ಪಾಠ ಮಾಡಿಸೋಕೆ. ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆ ಕೊಡೋಣ. ಅಣ್ಣಿಗೇರಿಯಿಂದ ಕರಕೊಂಡು ಬರೋದು ನನ್ನ ಜವಾಬ್ದಾರಿ. ಬುಲೆಟ್ ಮೇಲಲ್ಲ, ಬಸ್ಸಿನಾಗ.