ಹಿಂದಿನ ಚಕ್ರ ಮನೆಯಂಗಳದಲ್ಲೇ ಬಿಚ್ಚುವಂತಿರಲಿ

ಬಜಾಜ್ ಚೇತಕ್ ಓಡಿಸುತ್ತಿದ್ದ ಗುಮಾಸ್ತರು, ಮೇಷ್ಟ್ರುಗಳು, ಬ್ಯಾಂಕ್ ನೌಕರರು ಯಾರೂ ಮೆಕ್ಯಾನಿಕ್‌ಗಳಾಗಿರಲಿಲ್ಲ. ಆದರೂ ದಾರಿಯಲ್ಲಿ ಪಂಕ್ಚರ್ ಆದರೆ ಚಕ್ರ ಬಿಚ್ಚಿ, ಸ್ಟೆಪ್ನಿ ಹಾಕಿಕೊಂಡು, ಕೈ ಒರೆಸಿಕೊಂಡು ಹೊರಡುತ್ತಿದ್ದರು. ಅವರ ಕೈಗೆ ಆ ಧೈರ್ಯ ಕೊಟ್ಟದ್ದು ಸ್ಕೂಟರಿನ ರಚನೆ. ಮುಂದಿನದು, ಹಿಂದಿನದು, ಸ್ಟೆಪ್ನಿ ಮೂರೂ ಒಂದೇ ಅಳತೆಯ ಚಕ್ರಗಳು. ಬಿಚ್ಚಬೇಕಾದ ನಟ್ಟುಗಳೆಲ್ಲ ಕಣ್ಣಿಗೆ ಕಾಣುವಂಥವು, ಒಂದು ಸ್ಪ್ಯಾನರಿಗೆ ಬಗ್ಗುವಂಥವು. ಇಂದು ಬೈಕ್ ಇಟ್ಟುಕೊಂಡವರಲ್ಲಿ ಬಹಳ ಮಂದಿ ಹಿಂದಿನ ಚಕ್ರವನ್ನು ತಾವು ಮುಟ್ಟಬಾರದ ವಸ್ತುವೆಂದೇ ಭಾವಿಸಿದ್ದಾರೆ. ಈ ಹಿಂಜರಿಕೆ ಹೋಗಬೇಕು. ಬೈಕಿನ ಹಿಂದಿನ ಚಕ್ರವನ್ನು ಮನೆಯಲ್ಲೇ ಬಿಚ್ಚಿ ಜೋಡಿಸಲು ಅದರ ಒಡೆಯರಿಗೆ ಬರಬೇಕು; ಅದಕ್ಕೆ ತಕ್ಕ ಗಾಡಿ ಕೊಡುವ ಹೊಣೆ ತಯಾರಕರ ಮೇಲಿದೆ.

ಕೆಲಸ ನಾವು ಅಂದುಕೊಂಡಷ್ಟು ಕಠಿಣವಲ್ಲ. ಸ್ಪ್ಲೆಂಡರ್ ಮಾದರಿಯ 100 ಸಿ.ಸಿ. ಬೈಕನ್ನೇ ನೋಡಿ. ಗಟ್ಟಿ ನೆಲದ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿದರೆ ಚಕ್ರ ನೆಲದಿಂದ ಮೇಲೇಳುತ್ತದೆ. ಬ್ರೇಕ್ ರಾಡಿನ ತುದಿಯ ನಟ್ಟು ತೆಗೆಯಬೇಕು, ಬ್ರೇಕ್ ಪ್ಲೇಟನ್ನು ಹಿಡಿದಿರುವ ಪಟ್ಟಿಯ ಬೋಲ್ಟ್ ಬಿಚ್ಚಬೇಕು, ಆಮೇಲೆ ಆಕ್ಸಲ್ ನಟ್ಟು ಬಿಚ್ಚಿ ಆಕ್ಸಲ್ಲನ್ನು ಹೊರಗೆಳೆಯಬೇಕು. ಪಕ್ಕದ ಬುಶ್ ಕೈಗೆ ಬರುತ್ತದೆ. ಚಕ್ರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಸ್ಪ್ರಾಕೆಟ್ ಮತ್ತು ಚೈನ್ ತಮ್ಮ ಜಾಗದಲ್ಲೇ ಉಳಿದು ಚಕ್ರವೊಂದೇ ಕಳಚಿಕೊಳ್ಳುತ್ತದೆ. ಮಡ್‌ಗಾರ್ಡಿಗೆ ತಗುಲಿದರೆ ಮನೆಯವರೊಬ್ಬರು ಗಾಡಿಯನ್ನು ತುಸು ವಾಲಿಸಿ ಹಿಡಿದರೆ ಸಾಕು. ಚೈನ್ ಮುಟ್ಟದೆ ಚಕ್ರ ತೆಗೆಯುವ ಈ ಏರ್ಪಾಟು ಹೊಸದೇನಲ್ಲ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳಲ್ಲೂ ಚೈನ್ ಪೂರ್ತಿ ಮುಚ್ಚಿದ ಕೇಸಿನೊಳಗೇ ಇರುತ್ತಿತ್ತು, ಚಕ್ರ ಬೇರೆಯಾಗಿ ಬರುತ್ತಿತ್ತು. ಬಳಸುವವನು ಒಂದು ದಿನ ಇದನ್ನು ಬಿಚ್ಚುತ್ತಾನೆ ಎಂದು ಯಾರೋ ಎಂಜಿನಿಯರ್ ಮೊದಲೇ ಯೋಚಿಸಿದ್ದರ ಫಲ ಅದು.

ಪಂಕ್ಚರ್ ಹಾಕುವುದು ಹತ್ತಿರದ ಅಂಗಡಿಯವರ ಕೆಲಸ, ನಮಗೇಕೆ ಎನ್ನಬಹುದು. ಆದರೆ ಚಕ್ರ ಬಿಚ್ಚಲು ಪಂಕ್ಚರ್ ಒಂದು ನೆಪ ಮಾತ್ರ. ಚಕ್ರ ಹೊರಗೆ ಬಂದಾಗಲೇ ಕಾಣುವ ಸಂಗತಿಗಳು ಹಲವು. ಬ್ರೇಕ್ ಶೂ ಎಷ್ಟು ಸವೆದಿದೆ, ಒಂದೇ ಬದಿ ತಿಂದಿದೆಯೇ, ಡ್ರಮ್ಮಿನ ಒಳಮೈಯಲ್ಲಿ ಗೀರು ಬಿದ್ದಿದೆಯೇ ಎಂಬುದು ಆಗಲೇ ಸ್ಪಷ್ಟವಾಗುವುದು. ಬೇರಿಂಗಿನೊಳಗೆ ಬೆರಳಿಟ್ಟು ತಿರುಗಿಸಿದರೆ ನುಣುಪಾಗಿ ಸುತ್ತುತ್ತದೋ, ಮರಳು ಸಿಕ್ಕಂತೆ ಕರಕರ ಎನ್ನುತ್ತದೋ ತಿಳಿಯುತ್ತದೆ. ಹಬ್ಬಿನೊಳಗೆ ಕುಳಿತ ರಬ್ಬರ್ ತುಂಡುಗಳಂತೂ ಎಷ್ಟೋ ಸವಾರರಿಗೆ ಗೊತ್ತೇ ಇಲ್ಲ. ಎಂಜಿನ್ ಎಳೆತದ ಜರ್ಕು ಚಕ್ರಕ್ಕೆ ನೇರವಾಗಿ ಬಡಿಯದಂತೆ ತಡೆಯುವುದು ಅವೇ. ಅವು ಸವೆದರೆ ಗೇರ್ ಹಾಕಿದಾಗಲೆಲ್ಲ ಗಾಡಿ ಎಗರಿದಂತಾಗುತ್ತದೆ; ದೋಷ ಚೈನಿನದ್ದೆಂದು ತಿಳಿದು, ಚೆನ್ನಾಗಿಯೇ ಇರುವ ಚೈನ್ ಮತ್ತು ಸ್ಪ್ರಾಕೆಟ್ ಬದಲಿಸಿ ದುಡ್ಡು ಕಳೆದುಕೊಳ್ಳುವುದುಂಟು. ಮಳೆಗಾಲ ಮುಗಿದ ಮೇಲೆ ಒಮ್ಮೆ ಚಕ್ರ ಬಿಚ್ಚಿ ನೋಡಿದ ಮಲೆನಾಡಿನ ಸವಾರನಿಗೆ ತನ್ನ ಬ್ರೇಕಿನ ಸ್ಥಿತಿ ಬೇರೆಯವರ ಬಾಯಿಂದ ಕೇಳಿ ತಿಳಿಯಬೇಕಾಗಿಲ್ಲ. (ಡ್ರಮ್ಮಿನ ಧೂಳನ್ನು ಬಾಯಿಂದ ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.)

ಮನೆಯಲ್ಲೇ ಚಕ್ರ ಬಿಚ್ಚುವುದಕ್ಕೆ ಬರುವ ಅತಿ ಗಂಭೀರ ಆಕ್ಷೇಪ ಸುರಕ್ಷತೆಯದು. ಅರೆಬರೆ ಕಲಿತವರು ಚಕ್ರ ಬಿಚ್ಚಿ ತಪ್ಪಾಗಿ ಜೋಡಿಸಿದರೆ ಪ್ರಾಣಕ್ಕೇ ಕುತ್ತು ಎಂಬುದು ನಿಜ, ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಬ್ರೇಕ್ ಪ್ಲೇಟಿನ ಪಟ್ಟಿಯ ಬೋಲ್ಟಿಗೆ ಸ್ಪ್ಲಿಟ್ ಪಿನ್ ಹಾಕಲು ಮರೆತು ನಟ್ಟು ಕಳಚಿತೆನ್ನಿ. ಬ್ರೇಕ್ ಹಿಡಿದ ಕ್ಷಣ ಪ್ಲೇಟೇ ಚಕ್ರದ ಜೊತೆ ಸುತ್ತಿ ಚಕ್ರ ಕಚ್ಚಿಕೊಳ್ಳುತ್ತದೆ. ಚೈನ್ ಬಿಗಿಸುವ ಅಡ್ಜಸ್ಟರುಗಳ ಗುರುತುಗಳು ಎರಡೂ ಬದಿಯಲ್ಲಿ ಸರಿಸಮ ಇಲ್ಲದಿದ್ದರೆ ಚಕ್ರ ಓರೆಯಾಗುತ್ತದೆ. ಡಿಸ್ಕ್ ಬ್ರೇಕಿನ ಗಾಡಿಯಲ್ಲಿ ಚಕ್ರ ಹೊರಗಿರುವಾಗ ಪೆಡಲ್ ಒತ್ತಿದರೆ ಕ್ಯಾಲಿಪರಿನ ಪಿಸ್ಟನ್ ಮುಂದಕ್ಕೆ ಬಂದುಬಿಡುತ್ತದೆ. 2019ರ ಏಪ್ರಿಲ್‌ನಿಂದ 125 ಸಿ.ಸಿ. ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾದ ಮೇಲೆ ಎಷ್ಟೋ ಗಾಡಿಗಳ ಹಿಂದಿನ ಚಕ್ರದ ಬಳಿಯೂ ಸೆನ್ಸರ್ ಮತ್ತು ಅದರ ವೈರು ಸೇರಿಕೊಂಡಿವೆ. ಆದರೆ ಇವೇ ತಪ್ಪುಗಳು ಗಡಿಬಿಡಿಯ ಅಂಗಡಿಯಲ್ಲೂ ಆಗುತ್ತವೆ, ಮತ್ತು ಆ ಗಾಡಿಯ ಮೇಲೆ ಕೂರುವವರು ನಾವು. ಒಮ್ಮೆ ತಾನೇ ಬಿಚ್ಚಿ ಜೋಡಿಸಿದವನ ಕಣ್ಣು ಮೊದಲು ಹೋಗುವುದು ಆ ಪಿನ್ನಿನ ಕಡೆಗೆ. ಬೇರೆಯವರ ಕೈಯಲ್ಲಿ ಮಾಡಿಸಿದರೂ, ಹೊರಡುವ ಮುನ್ನ ಆಕ್ಸಲ್ ನಟ್ಟು, ಪೆಡಲಿನ ಆಟ, ಬ್ರೇಕ್ ಲೈಟು ನೋಡಿಯೇ ಅವನು ಕಿಕ್ ಹೊಡೆಯುತ್ತಾನೆ. ಕಲಿಯದೆ ಇರುವುದರಿಂದ ಅಪಾಯ ಕಡಿಮೆಯಾಗುವುದಿಲ್ಲ, ಕಣ್ಣಿಗೆ ಬೀಳದಂತಾಗುತ್ತದೆ ಅಷ್ಟೆ.

ಟ್ಯೂಬ್‌ಲೆಸ್ ಟೈರ್ ಬಂದ ಮೇಲೆ ಈ ವಿದ್ಯೆಯೇ ಬೇಡವಾಯಿತು ಎನ್ನುವವರಿದ್ದಾರೆ. ಮೊಳೆ ಹೊಕ್ಕ ತೂತಿಗೆ ಚಕ್ರ ಬಿಚ್ಚದೆ ಹೊರಗಿನಿಂದಲೇ ಪ್ಲಗ್ ಹಾಕಬಹುದು, ಸರಿ. ಟೈರಿನ ಪಕ್ಕದ ಗೋಡೆ ಹರಿದರೆ ಪ್ಲಗ್ ನಿಲ್ಲದು. ಕಡ್ಡಿ ಚಕ್ರದ ಬೈಕುಗಳಲ್ಲಿ ಟ್ಯೂಬೇ ಹೆಚ್ಚು. ಬ್ರೇಕ್ ಶೂ, ಬೇರಿಂಗ್, ಹಬ್ ರಬ್ಬರುಗಳಿಗಂತೂ ಟೈರ್ ಯಾವ ಬಗೆಯದಾದರೇನು. ಇನ್ನು ಪಂಕ್ಚರ್ ಅಂಗಡಿಯವರ ಹೊಟ್ಟೆಪಾಡಿನ ಪ್ರಶ್ನೆ. ಚಕ್ರವನ್ನು ತಾನೇ ಬಿಚ್ಚಿ ತಂದ ಗಿರಾಕಿಗೂ ಟ್ಯೂಬಿಗೆ ಪ್ಯಾಚ್ ಹಾಕಿಕೊಡಲು, ಟೈರ್ ರಿಮ್ಮಿಗೆ ಕೂರಿಸಲು ಅವರೇ ಬೇಕು.

ನಿಜವಾದ ತೊಡಕು ಶೋರೂಮಿನಲ್ಲಿದೆ. ಎಷ್ಟೋ ಹೊಸ ಬೈಕುಗಳಿಗೆ ಸೆಂಟರ್ ಸ್ಟ್ಯಾಂಡೇ ಇಲ್ಲ. ಸೈಡ್ ಸ್ಟ್ಯಾಂಡಿನ ಮೇಲೆ ನಿಂತ ಗಾಡಿಯ ಹಿಂದಿನ ಚಕ್ರ ಬಿಚ್ಚುವುದು ಸಾಧ್ಯವಿಲ್ಲ, ಬೇರೆ ಪ್ಯಾಡಕ್ ಸ್ಟ್ಯಾಂಡ್ ಕೊಳ್ಳಬೇಕು. ಸೀಟಿನಡಿಯ ಟೂಲ್ ಕಿಟ್ಟಿನಲ್ಲಿ ಆಕ್ಸಲ್ ನಟ್ಟಿಗೆ ಹೊಂದುವ ಸ್ಪ್ಯಾನರ್ ಹಲವು ಸಲ ಇರುವುದಿಲ್ಲ. ಹಬ್ ಮೋಟಾರಿನ ವಿದ್ಯುತ್ ಸ್ಕೂಟರುಗಳಲ್ಲಿ ಹಿಂದಿನ ಚಕ್ರವೇ ಮೋಟಾರು. ಅದರ ದಪ್ಪ ಕೇಬಲ್ಲನ್ನು ಎಲ್ಲಿ, ಹೇಗೆ ಕಳಚಬೇಕೆಂದು ಮಾಲೀಕನಿಗೆ ತಿಳಿಸಿಕೊಡದಿದ್ದರೆ ಒಂದು ಪಂಕ್ಚರಿಗೂ ಗಾಡಿಯನ್ನೇ ಹೊತ್ತು ಸಾಗಿಸಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿ, ಅದೇ ವರ್ಷ ಡಿಸೆಂಬರ್ 24ರಂದು ಪೋರ್ಟಲ್ ಆರಂಭಿಸಿತು. ವಾಹನಗಳು ಅದರ ನಾಲ್ಕು ಕ್ಷೇತ್ರಗಳಲ್ಲೊಂದು. ದ್ವಿಚಕ್ರ ವಾಹನದ ಮಟ್ಟಿಗೆ ಆ ಹಕ್ಕಿಗೆ ಅರ್ಥ ಬರಬೇಕಾದರೆ ಬೇಡಿಕೆ ಇಷ್ಟು: ಸೆಂಟರ್ ಸ್ಟ್ಯಾಂಡ್ ಗಾಡಿಯ ಬೆಲೆಯಲ್ಲೇ ಸೇರಿರಬೇಕು, ಆಕ್ಸಲ್ ಸ್ಪ್ಯಾನರ್ ಕಿಟ್ಟಿನಲ್ಲಿರಬೇಕು, ಚಕ್ರ ಬಿಚ್ಚುವ ಕ್ರಮ ಮತ್ತು ಪ್ರತಿ ನಟ್ಟನ್ನೂ ಎಷ್ಟು ಬಿಗಿಯಬೇಕೆಂಬ ಅಂಕಿ ಕನ್ನಡದ ಕೈಪಿಡಿಯಲ್ಲಿ ಚಿತ್ರಸಹಿತ ಅಚ್ಚಾಗಿರಬೇಕು. ಬೈಕ್ ಕೊಳ್ಳಲು ಹೋದವರು ಮೈಲೇಜ್ ಕೇಳುವಷ್ಟೇ ಸಹಜವಾಗಿ ಇವನ್ನೂ ಕೇಳಲಿ, ಬಿಲ್ಲಿಗೆ ಸಹಿ ಹಾಕುವ ಮೊದಲೇ.