ಸತ್ತವರನ್ನು ಹುಡುಕೋದು ಹೇಗೆ ಸ್ವಾಮಿ?

ಅಲ್ಲಾ ಸ್ವಾಮಿ, ಮರಣ ದಾಖಲೆ ಕೇಳಿದರೆ "ನೀವು ಅವರಿಗೇನಾಗಬೇಕು?" ಅಂತ ಯಾಕೆ ಗದರಬೇಕು? 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶುಲ್ಕ ಕಟ್ಟಿ ಯಾರು ಬೇಕಾದರೂ ರಿಜಿಸ್ಟರ್ ಹುಡುಕಿಸಬಹುದು. ಕೊಡುವ ಪ್ರತಿಯಲ್ಲಿ ಸಾವಿನ ಕಾರಣ ಇರಬಾರದು, ಅಷ್ಟೆ.

ನಮ್ಮಜ್ಜಿ ತೀರಿಕೊಂಡಿದ್ದು 1974ರಲ್ಲಿ. ಊರವರು ಕರೆಯುತ್ತಿದ್ದ ಹೆಸರೇ ಬೇರೆ, ಪಹಣಿಯಲ್ಲಿದ್ದ ಹೆಸರೇ ಬೇರೆ. ಗುಮಾಸ್ತರು ಒಂದನ್ನು ನೋಡಿ "ಇಲ್ಲ" ಅಂದುಬಿಟ್ಟರು. ಇನ್ನೊಂದಕ್ಕೆ ಪುಟ ತಿರುವಿಸಲು ಮೂರು ಸಲ ಅಲೆದೆ! ಅಲ್ಲೂ ಸಿಗದಿದ್ದರೆ? ವರ್ಷ ದಾಟಿದ ಸಾವನ್ನು ಈಗ ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅಷ್ಟು ದಿನ ನಮ್ಮ ಪೌತಿ ಖಾತೆ ನೆನೆಗುದಿಗೆ. ಸತ್ತು ಐವತ್ತು ವರ್ಷವಾದರೂ ಗದ್ದೆ ಅಜ್ಜಿಯ ಹೆಸರಲ್ಲೇ...

ಹೋಗಲಿ, ಪತ್ರಿಕೆಯ ನಿಧನ ವಾರ್ತೆ ಹುಡುಕೋಣ ಅಂದರೆ ಅಲ್ಲಿ ಎಷ್ಟೋ ಹೆಂಗಸರಿಗೆ ಹೆಸರೇ ಇಲ್ಲ, "ಇಂಥವರ ಮಾತೃಶ್ರೀ". ಬಂಧುಬಳಗವೆಲ್ಲ ಉಂಟು, ತವರೂರು ನಾಪತ್ತೆ. (ಗಂಡಸರಿಗೆ ಮಾತ್ರ ನಿವೃತ್ತಿಯಾದ ಹುದ್ದೆ ಸಮೇತ!)

ಬ್ಲಾಗಿಗ ಗೆಳೆಯರೇ, ಮನೆಯವರ ಬಗ್ಗೆ ಶ್ರದ್ಧಾಂಜಲಿ ಬರೆಯುವಾಗ ನೀವಾದರೂ ದಾಖಲೆಯ ಹೆಸರು, ಕರೆಯುವ ಹೆಸರು, ಊರು, ತಾರೀಕು ಎಲ್ಲಾ ಹಾಕಿ. ಅದೂ ಯೂನಿಕೋಡಿನಲ್ಲಿ ಟೈಪ್ ಮಾಡಿ, ಕಾರ್ಡಿನ ಮಸುಕು ಫೋಟೋ ಅಂಟಿಸಿ ಕೈತೊಳೆದುಕೊಳ್ಳಬೇಡಿ.