ಮೀನಿನ ಗಾಡಿಯಡಿ ಬಗ್ಗಿ ನೋಡಿ

ಮಲ್ಪೆ, ಗಂಗೊಳ್ಳಿ, ಮಂಗಳೂರು ದಕ್ಕೆಯಿಂದ ಬೆಳಗಿನ ಜಾವ ಘಟ್ಟ ಹತ್ತುವ ಪಿಕಪ್‌ಗಳ ಮಾಲೀಕರೇ, ಈ ಮಾತು ನಿಮಗೆ.

ಬಾಡಿಗೆ ಹೊಸ ಬಣ್ಣ, ಗಾಜಿನ ಮೇಲೆ ದೇವರ ಹೆಸರು, ಎಲ್ಲ ಸರಿ. ಗಾಡಿಯಡಿ ಕೊನೆಯ ಸಲ ಬಗ್ಗಿ ನೋಡಿದ್ದು ಯಾವಾಗ? ಕ್ರೇಟಿನ ಐಸು ಕರಗಿ, ಮೀನಿನ ಉಪ್ಪುನೀರಿನ ಜೊತೆ ಸೇರಿ ಚಾಸಿಯ ಮೇಲೆ ಇಳಿಯುತ್ತಲೇ ಇರುತ್ತದೆ. ಅದು ರಸ್ತೆಗೆ ಬಿದ್ದು ಬೈಕಿನವರು ಜಾರುತ್ತಾರೆಂದು ಊರೆಲ್ಲ ಬೈಯುತ್ತದೆ, ಬೈಯಲೇಬೇಕು. ರಸ್ತೆಗೆ ಬೀಳುವ ಮೊದಲು ಆ ನೀರು ಎಲ್ಲಿ ನಿಂತಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಚಾಸಿಯ ಬದಿಯಲ್ಲಿ ಪೆನ್ಸಿಲಿಗಿಂತ ಸಪೂರದ ಉಕ್ಕಿನ ಬ್ರೇಕ್ ಪೈಪೊಂದು ಹಿಂದಿನ ಚಕ್ರದವರೆಗೆ ಹೋಗುತ್ತದೆ. ಅದನ್ನು ಹಿಡಿದಿಡುವ ಕ್ಲಿಪ್ಪಿನೊಳಗೆ ಸೇರಿದ ಉಪ್ಪುಮಣ್ಣು ಒಣಗುವುದೇ ಇಲ್ಲ. ಅಲ್ಲಿ ಉಗುರಿನಿಂದ ಕೆರೆಯಿರಿ, ತುಕ್ಕು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ ಕೈಗೆ ಬರುತ್ತದೆ. ಪೆಡಲನ್ನು ಮೆಲ್ಲಗೆ ಒತ್ತುವಷ್ಟು ದಿನ ಇಂಥ ಪೈಪೂ ತಡೆಯುತ್ತದೆ. ಜೋರಾಗಿ ತುಳಿದರೆ ಒಳಗಿನ ಒತ್ತಡ ಏರಿ ಒಡೆಯುತ್ತದೆ. ಜೋರಾಗಿ ತುಳಿಯುವುದು ಎದುರಿಗೆ ಬಸ್ಸೋ ಮಗುವೋ ಬಂದಾಗ ತಾನೇ? ಎರಡು ಸರ್ಕೀಟ್ ಇದೆ, ಒಂದು ಹೋದರೆ ಇನ್ನೊಂದು ಹಿಡಿಯುತ್ತದೆ ಅನ್ನುತ್ತೀರಿ. ಹಿಡಿಯುತ್ತದೆ, ಅರ್ಧ. ಆಗುಂಬೆಯ 14 ತಿರುವುಗಳಲ್ಲಿ ಆ ಅರ್ಧ ಬ್ರೇಕನ್ನು ಯಾವ ತಿರುವಿಗೆ ಇಟ್ಟುಕೊಳ್ಳುತ್ತೀರಿ?

ಉಪಾಯಗಳೂ ಗೊತ್ತಿರುವವೇ. ಸೋರುವ ಪೈಪನ್ನು ಮಡಚಿ ಜಜ್ಜಿ ಆ ಚಕ್ರದ ಬ್ರೇಕನ್ನೇ ಬಂದ್ ಮಾಡುವುದು. ಎಫ್‌ಸಿಗೆ ಮೊದಲು ಅಡಿಯೆಲ್ಲ ವೇಸ್ಟ್ ಆಯಿಲ್ ಬಳಿದು ತುಕ್ಕು ಮುಚ್ಚುವುದು. 8 ವರ್ಷ ದಾಟಿದ ಗಾಡಿಗೆ ವರ್ಷ ವರ್ಷ ಎಫ್‌ಸಿ ಇಟ್ಟದ್ದು ಬಣ್ಣ ನೋಡುವುದಕ್ಕಲ್ಲ.

ಅಮೆರಿಕದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಹಾಕುತ್ತಾರೆ. ಅಲ್ಲಿ 1999ರಿಂದ 2003ರವರೆಗಿನ ಜನರಲ್ ಮೋಟಾರ್ಸ್ ಪಿಕಪ್‌ಗಳ ಬ್ರೇಕ್ ಪೈಪು ತುಕ್ಕು ಹಿಡಿದು ಒಡೆಯುತ್ತಿದೆ ಎಂಬ ದೂರನ್ನು ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ವರ್ಷಗಟ್ಟಲೆ ತನಿಖೆ ಮಾಡಿತು. 2015ರಲ್ಲಿ ರೀಕಾಲ್ ಇಲ್ಲದೆ ಫೈಲು ಮುಚ್ಚಿ, ಅಡಿ ತೊಳೆಯಿರಿ, ತುಕ್ಕು ಪದರ ಏಳುತ್ತಿದ್ದರೆ ಪೈಪು ಪೂರ್ತಿ ಬದಲಿಸಿ ಎಂದಿತು. ರೀಕಾಲ್ ಆಗಬೇಕಿತ್ತು ಎಂದೇ ನನ್ನ ಎಣಿಕೆ. ಹೇಳಿದ ಬುದ್ಧಿಮಾತಂತೂ ಸರಿ. ಅವರಿಗೆ ಉಪ್ಪು ಚಳಿಗಾಲದಲ್ಲಿ. ನಮ್ಮ ಮೀನಿನ ಗಾಡಿಗೆ ಟ್ರಿಪ್ಪು ಟ್ರಿಪ್ಪಿಗೂ.

ಬ್ರೇಕ್ ಹೋಗಿ ಜೀವ ಹೋದರೆ ಮೊದಲು ಕೇಸು ಬೀಳುವುದು ಡ್ರೈವರ್ ಮೇಲೆ. ನಿದ್ದೆಗೆಟ್ಟು ಓಡಿಸುವ ಆ ಹುಡುಗ "ಅಣ್ಣ, ಪೆಡಲ್ ಕೆಳಗೆ ಹೋಗ್ತಾ ಉಂಟು" ಅಂದಿದ್ದ. "ಆಯಿಲ್ ಹಾಕಿ ಓಡಿಸು ಮಾರಾಯ, ಬರುವ ವಾರ ನೋಡುವ" ಅಂದದ್ದು ನೀವು. ಎಫ್‌ಐಆರ್‌ನಲ್ಲಿ ಆ ಮಾತು ಬರುವುದಿಲ್ಲ. ನಿಮಗಂತೂ ನೆನಪಿರುತ್ತದಲ್ಲ?

ಗ್ಯಾರೇಜಿನವರೇ, ಪೈಪು ಜಜ್ಜಿ ಕೊಡಿ ಅಂದವರಿಗೆ ಆಗುವುದಿಲ್ಲ ಅನ್ನಿ. ತಾಮ್ರ-ನಿಕ್ಕಲ್ ಪೈಪು ಈ ಉಪ್ಪಿಗೆ ತುಕ್ಕು ಹಿಡಿಯುವುದಿಲ್ಲ, ಅದನ್ನು ತರಿಸಿ ಹಾಕಿ. ರೇಟು ಹೆಚ್ಚಾದರೆ ಆಗಲಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಆ 61 ದಿನದಲ್ಲಿ ಬೋಟಿಗೆ ಪೇಂಟಾಗುತ್ತದೆ, ಬಲೆ ಹೊಲಿಯುತ್ತಾರೆ. ಪಿಕಪ್ಪನ್ನೂ ಆಗಲೇ ಗ್ಯಾರೇಜಿಗೆ ಬಿಡಿ. ಅಡಿಯೆಲ್ಲ ಸಿಹಿನೀರಲ್ಲಿ ತೊಳೆಸಿ, ಕ್ಲಿಪ್ಪು ಬಿಚ್ಚಿಸಿ, ಪೈಪನ್ನು ಉದ್ದಕ್ಕೂ ನಿಮ್ಮ ಕೈಯಿಂದಲೇ ಮುಟ್ಟಿ ನೋಡಿ. ಆಮೇಲೆ ಆಗುಂಬೆಯಿಂದ ಸೋಮೇಶ್ವರಕ್ಕೆ ಮೊದಲ ಇಳಿಜಾರಿನಲ್ಲಿ ಸ್ಟೀರಿಂಗ್ ಹಿಡಿಯುವವರು ನೀವೇ ಆಗಿ.